ವೀಳ್ಯದ ತಟ್ಟೆಯಲ್ಲಿಟ್ಟ ಸರ್ಟಿಫಿಕೇಟು

ಪೋತ್ತನೂರು
10-6-1986

ತಮ್ಮ ಚೆನ್ನಿಯಪ್ಪನಿಗೆ ಅಣ್ಣನ ಆಶೀರ್ವಾದ. ಇಲ್ಲಿ ಸುಖ, ಮೊಣಕಾಲು ನೋವು ಮಾತ್ರ ಹಾಗೇ ಇದೆ.

ಮಗ್ಗದಿಂದಿಳಿದ ಮೊದಲ ಸೀರೆಯನ್ನು ವೀಳ್ಯದ ತಟ್ಟೆಯಲ್ಲಿಟ್ಟು ನೂಲು ಕೊಡುವ ಯಜಮಾನರಿಗೆ ಒಪ್ಪಿಸುವುದು ನಮ್ಮ ಮನೆಯ ವಾಡಿಕೆ. ಹಾಗೆಯೇ ನಿನ್ನ ಮಗ ನಂಜುಂಡನಿಗೆ ಕೆಲಸ ಸಿಗಲೆಂದು ಅವನ ಎಂಜಿನಿಯರಿಂಗ್ ಸರ್ಟಿಫಿಕೇಟನ್ನೂ ನೀನು ನಮ್ಮ ಪಂಪು ಕಾರ್ಖಾನೆಯ ಮಾಲೀಕರಾದ ಮುದಲಾಳಿಗೆ ಒಪ್ಪಿಸಿಬಿಟ್ಟೆ. ಅವರು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇಲ್ಲಿ ಹೊಸ ಎಂಜಿನಿಯರ್ ಎಂದರೆ ಮೂರು ವರ್ಷ ಸ್ಟೋರಿನಲ್ಲಿ ಬೋಲ್ಟು ಎಣಿಸುವವನು. ಬಿಟ್ಟು ಓಡಬಾರದೆಂದೇ ಅಸಲು ಕಾಗದ ಹಿಡಿದಿಡುತ್ತಾರೆ. ಮುಂದಿನ ವಾರ ರೈಲ್ವೆ ಇಂಟರ್‌ವ್ಯೂಗೆ ಅವನಿಗೆ ಅದೇ ಬೇಕಲ್ಲ.

ನಿನ್ನೆ ನಾನೇ ಹೋಗಿ ಕೇಳಿದೆ.

"ಏನ್ ಮೇಸ್ತ್ರಿ, ತಟ್ಟೇಲಿ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?" ಎಂದು ನಕ್ಕರು.

"ತಮ್ಮನಿಗೆ ತಿಳೀಲಿಲ್ಲ ಸಾರ್, ಹುಡುಗನ ಬದುಕು."

"ಸರಿ, ಅವನ ಮೂರು ವರ್ಷ ನೀವೇ ಇದ್ದುಬಿಡಿ."

ಬರುವ ತಿಂಗಳು ರಿಟೈರ್ ಆಗಬೇಕಿದ್ದ ನಾನು ಇರುತ್ತೇನೆಂದು ಬರೆದುಕೊಟ್ಟೆ. ಸರ್ಟಿಫಿಕೇಟು ಕೈಗೆ ಬಂತು, ಭಾನುವಾರ ನಮ್ಮೂರು ಸಿರುಮುಗೈಗೆ ತರುತ್ತೇನೆ.

ನಂಜುಂಡ ಚೆನ್ನಾಗಿ ಓದಿಕೊಳ್ಳಲಿ. ನಾನು ಬರೆದುಕೊಟ್ಟದ್ದನ್ನು ಅವನಿಗೆ ಹೇಳಬೇಡ. ನಿನ್ನ ಅತ್ತಿಗೆಗೂ ಇನ್ನೂ ಹೇಳಿಲ್ಲ. ಊರಿಗೆ ಬಂದು ನಿಮ್ಮ ಜೊತೆ ಇರುವುದೆಂದು ಅವಳು ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಾಳೆ.

ನಿನ್ನ ಅಣ್ಣ,
ಸುಬ್ಬಯ್ಯನ್