ಕತ್ತರಿಸಿದ ಹನ್ನೊಂದು ನಿಮಿಷ

ಗುರುಗಳೇ,

ಮೊದಲು ‘ಪೂಜ್ಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ನಿಮಗೆ ಬೇಜಾರಾದರೆ ಆಗಲಿ.

ಅರಸೀಕೆರೆಯ ನಿಮ್ಮ ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರಿನ ಹೊರಗೆ ಒಂದು ಬೋರ್ಡಿತ್ತಲ್ಲ? ಆಪರೇಷನ್ ಮುಗಿಸಿ ಬಂದವರು ಆವತ್ತಿನ ತಮ್ಮ ತಪ್ಪನ್ನು ಅದರ ಮೇಲೆ ಬರೆಯಬೇಕು, ಬರೆಯುವ ತನಕ ಕಾಫಿ ಇಲ್ಲ. ‘ತಪ್ಪೇ ಆಗಿಲ್ಲ ಸರ್’ ಎಂದ ದಿನ ನನ್ನನ್ನು ಸಂಜೆಯವರೆಗೂ ಅದರ ಮುಂದೆ ನಿಲ್ಲಿಸಿದ್ದಿರಿ. ನಾನು ಕಲಿತದ್ದೆಲ್ಲ ಆ ಬೋರ್ಡಿನಿಂದಲೇ.

ಆಮೇಲೆ ನಿಮಗೆ ವಿಡಿಯೋ ಹುಚ್ಚು ಹಿಡಿಯಿತು. ಪಿತ್ತಕೋಶ ತೆಗೆಯುವ ಆಪರೇಷನ್ನನ್ನು ಇಂಟರ್ನೆಟ್ಟಿಗೆ ಹಾಕಲೆಂದು ರೆಕಾರ್ಡ್ ಮಾಡಿದೆವು. ನಡುವೆ ನಿಮ್ಮ ಕೈ ಜಾರಿ ರಕ್ತನಾಳ ಹರಿಯಿತು, ಪರದೆಯೆಲ್ಲ ಕೆಂಪು. ನೀವು ಗಾಬರಿಯಾಗಲಿಲ್ಲ. ಬಟ್ಟೆ ಒತ್ತಿ ಹಿಡಿದು, ಕಾದು, ತೊಳೆದು, ನಾಳ ಕಣ್ಣಿಗೆ ಬಿದ್ದ ಮೇಲಷ್ಟೇ ಅದನ್ನು ಮುಚ್ಚಲು ಕ್ಲಿಪ್ ಹಾಕಿದಿರಿ. ಹನ್ನೊಂದು ನಿಮಿಷ. ನೀವು ಮಾಡಿದ ಪಾಠಗಳಲ್ಲೇ ದೊಡ್ಡದು ಅದು. ಮಾರನೇ ದಿನ ನನ್ನ ಪಕ್ಕ ಕೂತು ಏನಂದಿರಿ?

“ಅಷ್ಟನ್ನ ಕತ್ತರಿಸಿಬಿಡೋ. ಬೋರ್ಡು ನೋಡೋರು ನಾವು ನಾಲ್ಕು ಜನ. ಇದನ್ನ ಊರೋರೆಲ್ಲ ನೋಡ್ತಾರೆ ಕಣೋ.”

ಕತ್ತರಿಸಿದವನು ನಾನೇ.

ಬೇಲೂರಿನ ಡಾಕ್ಟರ್ ಚೈತ್ರಾ ನಿಮ್ಮನ್ನು ನೋಡಲು ಬಂದ ದಿನ ಎಷ್ಟು ಉಬ್ಬಿಹೋಗಿದ್ದಿರಿ... “ನಿಮ್ ವಿಡಿಯೋ ನೋಡ್ಕೊಂಡೇ ಕಲ್ತಿದ್ದು ಸರ್” ಅಂದಿದ್ದಳು. ನಿಮ್ಮದೇ ಪಿತ್ತಕೋಶದಲ್ಲಿ ಕಲ್ಲು ಕಂಡಾಗ, ಇಪ್ಪತ್ತು ವರ್ಷ ಜೊತೆಗಿದ್ದ ನನ್ನನ್ನು ಬಿಟ್ಟು ಅವಳ ಹತ್ತಿರ ಹೋದಿರಿ. ವಿಡಿಯೋದಲ್ಲಿ ಯಾವ ಭಾಗ ಇಲ್ಲ ಎಂಬುದು ನನಗೆ ಗೊತ್ತಿತ್ತು. ಅವಳಿಗೊಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಹೊಟ್ಟೆಕಿಚ್ಚು, ಇನ್ನೇನು?

ಅದೇ ಜಾಗದಲ್ಲಿ ರಕ್ತ ಚಿಮ್ಮಿತಂತೆ. ಕಾಯಬೇಕು ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಏನೂ ಕಾಣದೆಯೇ ಒಂದರ ಮೇಲೊಂದು ಕ್ಲಿಪ್ ಹಾಕುತ್ತಾ ಹೋದಳು, ನೀವು ಮೇಜಿನಿಂದ ಏಳಲಿಲ್ಲ. ನಿಮ್ಮ ತಿಥಿಗೆ ಬಂದವಳು ನನ್ನನ್ನು ಕೇಳಿದಳು: “ವಿಡಿಯೋದಲ್ಲಿ ಒಂದು ತೊಟ್ಟು ರಕ್ತಾನೂ ಬರಲಿಲ್ವಲ್ಲ ಸರ್. ನನ್ ಕೈಲಿ ಮಾತ್ರ ಯಾಕೆ ಹಿಂಗಾಯ್ತು?” ನಾನು ತಲೆ ತಗ್ಗಿಸಿ ಎಲೆಯಲ್ಲಿದ್ದ ಅನ್ನ ಕಲಸುತ್ತಿದ್ದೆ. ಅವಳು ಈಗ ಆಪರೇಷನ್ ಮಾಡುವುದನ್ನೇ ಬಿಟ್ಟಿದ್ದಾಳೆ.

ನಿಮಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಆ ಹನ್ನೊಂದು ನಿಮಿಷವನ್ನು ನಾನು ಇಟ್ಟುಕೊಂಡಿದ್ದೆ. ಮೊನ್ನೆ ನಿಮ್ಮ ಹೆಸರು ಹಾಕಿಯೇ ಅಪ್‌ಲೋಡ್ ಮಾಡಿದೆ. ಕತ್ತರಿಸಿದ್ದೂ, ಗೊತ್ತಿದ್ದೂ ಸುಮ್ಮನಿದ್ದದ್ದೂ ನಾನೇ ಎಂದು ಕೆಳಗೆ ಬರೆದೆ. ಚೈತ್ರಾಗೆ ಎಲ್ಲರಿಗಿಂತ ಮೊದಲು ಕಳಿಸಿದೆ, ಅವಳಿಂದ ಉತ್ತರವಿಲ್ಲ. ಯಾರೋ ಒಬ್ಬ ಮಾತ್ರ ಬರೆದಿದ್ದಾನೆ: ‘ಈ ಮುದುಕನಿಗೆ ಕೆಲಸ ಬರಲ್ಲ, ಥಿಯೇಟರ್ ಒಳಗೆ ಬಿಟ್ಟಿದ್ದು ಯಾರು?’

ಅದನ್ನು ಅಳಿಸಿಲ್ಲ. ಊರವರೆಲ್ಲ ನೋಡಲಿ.