ಅಮ್ಮನ ಕಾಗದ ತೆರೆದೇ ಇರಲಿ

ಮಗಳೇ,

ಪ್ರಾರ್ಥನೆಗೆ ಹೊರಟಿದ್ದೇನೆ. ಕಣ್ಣು ಕಾಣದವನು, ಅಳತೆಪಟ್ಟಿ ಇಟ್ಟು ಬರೆದಿದ್ದೇನೆ, ಸಾಲು ಸೊಟ್ಟಗಿರಬಹುದು.

ಕಂಪ್ಯೂಟರ್ ಆರಿಸಬೇಡ. ಪರದೆ ಓದಿ ಹೇಳುವ ದನಿ ನಿಂತಾಗ ನೀನು, "ಭಾನುವಾರ ನೋಡೋಣ ಬಿಡಪ್ಪ, ಈಗೇನು ಮುಳುಗಿಹೋಯ್ತು?" ಅಂದೆ. ಆ ನಾಲ್ಕು ದಿನ ನನಗೆ ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿದ್ದಂತೆ ಇತ್ತು. ದನಿ ಹುಡುಕುತ್ತ ಸಿಕ್ಕಸಿಕ್ಕ ಕೀ ಒತ್ತಿದೆ. ಇಂದು ಬೆಳಿಗ್ಗೆ, ದೇವರ ದಯೆ, ಯಾರ ಹಂಗೂ ಇಲ್ಲದೆ ಅದು ಮಾತಾಡಿತು.

ಮೊದಲು ಓದಿದ್ದು ಅದರಲ್ಲಿ ತೆರೆದೇ ಇದ್ದ, ನಿನ್ನ ಅಮ್ಮ ಟೈಪ್ ಮಾಡಿಟ್ಟುಹೋದ ಕೊನೆಯ ಕಾಗದ. ನಡುನಡುವೆ ನಾನು ಒತ್ತಿದ ಅಕ್ಷರಗಳು ಸೇರಿಕೊಂಡಿವೆ. ಅವಳದು ಎಷ್ಟು ಅಳಿಸಿದೆನೋ ತಿಳಿಯದು. ಈಗಿರುವಂತೆ ಸೇವ್ ಮಾಡಬೇಡ, ಮುಚ್ಚಬೇಡ. ನಾನು ಬಂದ ಮೇಲೆ ಪಕ್ಕದಲ್ಲಿ ಕೂತು, ನಾನು ಒತ್ತಿದ್ದನ್ನು ರದ್ದು ಮಾಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗೋಣ. ಇದಕ್ಕೆ ಮಾತ್ರ ನಿನ್ನ ಕಣ್ಣು ಬೇಕು.

ಅಪ್ಪ