ತಾಳೆ ನೋಡಿದ ಅರ್ಜಿ

14-10-2023, ಶನಿವಾರ

೧. ಬರೆಯುವವನು: ಈರಭದ್ರಪ್ಪ, ವಯಸ್ಸು ಎಪ್ಪತ್ನಾಲ್ಕು. ತರೀಕೆರೆ ತಾಲ್ಲೂಕು ಕಚೇರಿಯ ಎದುರು ಅರ್ಜಿಗಳ ನಕಲು ಬರೆದು ಬಾಳಿದವನು.
೨. ಕಂಡದ್ದು: ಲಕ್ಕವಳ್ಳಿ ಕಡೆಯ ಸರ್ಕಾರಿ ಕಾಡಿನಲ್ಲಿ, ಲಂಟಾನದ ಮರೆಯಲ್ಲಿ, ಆಳೆತ್ತರದ ಗಾಂಜಾ ಗಿಡಗಳು. ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಹೋದಾಗ. ಹಳ್ಳದಿಂದ ಕರಿ ಪೈಪಿನಲ್ಲಿ ನೀರು.
೩. ಅನುಮಾನ: ಫಾರೆಸ್ಟ್ ವಾಚರ್ ಕರಿಸಿದ್ದಪ್ಪ. ದಿನವೂ ಅಲ್ಲಿ ತಿರುಗುವವನಿಗೆ ಕಾಣಲಿಲ್ಲವೆಂದರೆ ನಂಬತಕ್ಕದ್ದಲ್ಲ.

ಇಷ್ಟನ್ನೂ ಸೇರಿಸಿ ರೇಂಜರ್ ಸಾಹೇಬರಿಗೆ ಅರ್ಜಿ ಸಿದ್ಧವಾಯಿತು. ಸಂಜೆ ಜಗಲಿಯಲ್ಲಿ ತಾಳೆ ನೋಡಲಾಯಿತು. ಮೂಲ ಪ್ರತಿ ನನ್ನ ಕೈಯಲ್ಲಿ, ನಕಲು ಭಾವಮೈದುನ ಹೊನ್ನಯ್ಯನ ಕೈಯಲ್ಲಿ. ನಾನು ಗಟ್ಟಿಯಾಗಿ ಓದುವುದು, ಅವನು ಬೆರಳಿಟ್ಟು ನೋಡುವುದು. ತಾಳೆ ನೋಡದ ಕಾಗದ ಇಂದಿನವರೆಗೂ ನನ್ನ ಕೈ ದಾಟಿಲ್ಲ.

“ಈ ವಯಸ್ಸಲ್ಲಿ ಯಾಕ್ ಬೇಕಿತ್ತು ಭಾವ? ಅವ್ರು ಮಚ್ಚು ಇಟ್ಕಂಡಿರ್ತಾರೆ” ಎಂದ ಹೊನ್ನಯ್ಯ.

ಒಳಗಿನಿಂದ ಕರಿಬಸಮ್ಮ — “ನಿಮ್ ಭಾವ ಅರ್ಜಿ ಓದಿದ್ರೆ ಸಾಕು ಕಣೋ, ಅವ್ರೇ ಓಡೋಯ್ತಾರೆ.”

ಹೆಂಡತಿಯಾದವಳು ಆಡತಕ್ಕ ಮಾತಲ್ಲ.

18-10-2023, ಬುಧವಾರ

ರೇಂಜರ್ ಬಂದರು. ದಾರಿ ತೋರಿಸಿದವನು ನಾನೇ. ಒಂದು ಗಿಡವೂ ಇಲ್ಲ... ಕಿತ್ತ ಮಣ್ಣು ಇನ್ನೂ ಹಸಿ. ಯಾರೋ ಮೊದಲೇ ಸುದ್ದಿ ಮುಟ್ಟಿಸಿದ್ದಾರೆ. ಎಲ್ಲರೂ ಕರಿಸಿದ್ದಪ್ಪನ ಕಡೆಗೇ ನೋಡಿದರು.

ಹಿಂದಿರುಗುವಾಗ ಅವನು ನನ್ನ ಪಕ್ಕಕ್ಕೆ ಬಂದು, “ಯಜಮಾನ್ರೇ, ನನ್ ಹೆಸ್ರು ಬರೆಯೋಕ್ ಮುಂಚೆ ಒಂದ್ ಮಾತು ಕೇಳ್ಬೋದಿತ್ತು” ಎಂದ.

ಕಳ್ಳನ ವಿನಯವೆಂದು ಭಾವಿಸಿದೆನು.

25-10-2023

ಕರಿಸಿದ್ದಪ್ಪನನ್ನು ಕೆಲಸದಿಂದ ತೆಗೆದಿದ್ದಾರೆ. ಅವನ ಹೆಂಡತಿ ದ್ಯಾವಮ್ಮ ಬಾಗಿಲಿಗೆ ಬಂದಳು. ಬೈಯಲಿಲ್ಲ. ನಿಂತಳು, ಹೋದಳು.

ನಿದ್ರೆ ಇಲ್ಲ. ಅವನೇ ಸುದ್ದಿ ಕೊಟ್ಟಿದ್ದರೆ, ತನ್ನ ಮೇಲೆ ಅರ್ಜಿ ಬಂದಿರುವುದು ಅವನಿಗೆ ಮೊದಲು ತಿಳಿದದ್ದಾದರೂ ಹೇಗೆ? ರೇಂಜರ್ ಆಫೀಸಿನ ಗುಮಾಸ್ತನೋ? ಅರ್ಜಿ ಕೊಡಲು ಹೋದ ದಿನ ಬಸ್ಸಿನಲ್ಲಿ ಪಕ್ಕ ಕುಳಿತವನೋ?

2-11-2023

ಒಬ್ಬನೇ ಕಾಡಿಗೆ ಹೋಗಿದ್ದೆ. ಹಳ್ಳದ ಕೊರಕಲಿನಲ್ಲಿ ಪೈಪಿನ ತುಂಡೊಂದು ಉಳಿದಿತ್ತು. ಜೋಡಿಸಿದ ಕಡೆ ಹಸಿರು ಬಟ್ಟೆಯ ಕಟ್ಟು — ಕರಿಬಸಮ್ಮನ ಹಳೆಯ ಸೀರೆಯ ಅಂಚು. ಬೇಸಿಗೆಯಲ್ಲಿ ಹೊನ್ನಯ್ಯ ನಮ್ಮ ಹೊಲದಿಂದ ಕೇಳಿ ಒಯ್ದ ಪೈಪು.

ಅರ್ಜಿಯ ಪ್ರತಿಯೊಂದು ಸಾಲನ್ನೂ ಅವನಿಗೆ ಗಟ್ಟಿಯಾಗಿ ಓದಿ ಹೇಳಿದವನು ನಾನೇ.

ತುಂಡನ್ನು ತಂದು ಕರಿಬಸಮ್ಮನ ಮುಂದಿಟ್ಟೆ. ಬಟ್ಟೆ ಮುಟ್ಟಿ ನೋಡಿದಳು. “ನನ್ ತಮ್ಮ ಕಣ್ರೀ.” ತುಂಡನ್ನು ನನ್ನ ಕಡೆಗೇ ಸರಿಸಿ, “ದ್ಯಾವಮ್ಮನ್ ಮುಖ ನೋಡಕ್ಕಾಗ್ತಿಲ್ಲ ನಂಗೆ.”

3-11-2023, ಸಂಜೆ

ಎರಡನೆಯ ಅರ್ಜಿ ಬರೆಯುತ್ತಿದ್ದೇನೆ. ಕರಿಸಿದ್ದಪ್ಪ ನಿರಪರಾಧಿ, ಸುದ್ದಿ ಹೊರಟದ್ದು ನನ್ನ ಜಗಲಿಯಿಂದ ಎಂದು. ಈಗಷ್ಟೇ ಹೊನ್ನಯ್ಯ ಬಂದು ಬಾಗಿಲಲ್ಲಿ ನಿಂತ.

“ಏನೋ ಬರೀತಿದೀರಂತೆ ಭಾವ. ತಾಳೆ ನೋಡ್ಲಾ?”

ಬೇಡವೆಂದೆ. ಹೋಗಲಿಲ್ಲ. ಜಗಲಿಯಲ್ಲೇ ಕುಳಿತಿದ್ದಾನೆ. ಕರಿಬಸಮ್ಮ ಕಾಫಿ ಕೊಡಲು ಹೊರಗೆ ಹೋಗಲಿಲ್ಲ.

೩. ಸದರಿ ಹೊನ್ನಯ್ಯನು ನನ್ನ ಹೆಂಡತಿಯ ಸ್ವಂತ ತಮ್ಮನಾಗಿದ್ದು —

ಸಹಿ/- ಈರಭದ್ರಪ್ಪ
ಲಗತ್ತು: ಕರಿ ಪೈಪಿನ ತುಂಡು ಒಂದು, ಹಸಿರು ಕಟ್ಟಿನ ಸಮೇತ.